ಮಗು ಕೇಳುವ ‘ಯಾಕೆ?’
(ಜುಮಾ ಖುತ್ಬಾದ ಸಾರಾಂಶ)



ತಂದೆಯಿಂದ ನಮಾಝ್ ಕಲಿಯುತ್ತಿರುವ ಏಳು ವರ್ಷದ ಮಗು ಕೇಳುತ್ತದೆ: “ಅಬ್ಬಾ, ರುಕೂವಿನಲ್ಲಿ ಒಂದು ಹೇಳಬೇಕು, ಸುಜೂದಿನಲ್ಲಿ ಇನ್ನೊಂದು. ಯಾಕೆ?” ಮೂವತ್ತು ವರ್ಷಗಳಿಂದ ನಮಾಝ್ ಮಾಡುತ್ತಿರುವ ತಂದೆಗೆ ಉತ್ತರ ಗೊತ್ತಿಲ್ಲ. “ದೀನಿನ ವಿಷಯದಲ್ಲಿ ಹಾಗೆಲ್ಲ ಕೇಳಬಾರದು” ಎಂದು ಗದರುತ್ತಾರೆ. ಮಗು ಸುಮ್ಮನಾಗುತ್ತದೆ. ಇಲ್ಲಿ ತಂದೆ ಕಾಪಾಡಿದ್ದು ದೀನನ್ನಲ್ಲ, ತನ್ನ ಮಾನವನ್ನು.

ಪ್ರಶ್ನೆ ಕೇಳುವುದು ಈಮಾನಿಗೆ ವಿರುದ್ಧವೇ? ಸತ್ತವರನ್ನು ಹೇಗೆ ಜೀವಂತಗೊಳಿಸುತ್ತೀ ಎಂದು ತೋರಿಸಿಕೊಡಲು ಪ್ರವಾದಿ ಇಬ್ರಾಹೀಮ್(ಅ)ರು ಅಲ್ಲಾಹನಲ್ಲೇ ಬೇಡಿದರು. ವಿಶ್ವಾಸವಿದೆ, ಹೃದಯದ ಸಮಾಧಾನಕ್ಕಾಗಿ ಕೇಳುತ್ತಿದ್ದೇನೆ ಎಂದರು. ಅಲ್ಲಾಹನು ಅವರನ್ನು ಗದರಲಿಲ್ಲ, ತೋರಿಸಿಕೊಟ್ಟನು (ಪವಿತ್ರ ಕುರ್‌ಆನ್ 2:260).

ಒಮ್ಮೆ ಪ್ರವಾದಿ(ಸ)ರು ಸಂಗಾತಿಗಳ ಮುಂದೆ ಒಂದು ಒಗಟನ್ನಿಟ್ಟರು: ಎಲೆ ಉದುರದ, ಮುಸ್ಲಿಮನನ್ನು ಹೋಲುವ ಮರ ಯಾವುದು? ಎಲ್ಲರೂ ಕಾಡುಮರಗಳ ಬಗ್ಗೆ ಯೋಚಿಸಿದರು. ಕಿರಿಯರಾದ ಅಬ್ದುಲ್ಲಾ ಬಿನ್ ಉಮರ್(ರ)ರ ಮನಸ್ಸಿಗೆ ಖರ್ಜೂರದ ಮರ ಹೊಳೆಯಿತು. ಆದರೆ ಅಬೂಬಕರ್(ರ) ಮತ್ತು ಉಮರ್(ರ)ರೇ ಮೌನವಾಗಿದ್ದುದನ್ನು ಕಂಡು ಸಂಕೋಚದಿಂದ ಸುಮ್ಮನಿದ್ದರು. ಉತ್ತರ ಅದೇ ಆಗಿತ್ತು. ಬಳಿಕ ವಿಷಯ ತಿಳಿದ ತಂದೆ ಉಮರ್(ರ)ರು, ದೊಡ್ಡವರ ನಡುವೆ ಬಾಯಿ ತೆರೆಯದಿದ್ದುದು ಒಳ್ಳೆಯದಾಯಿತು ಎನ್ನಲಿಲ್ಲ. ನೀನು ಹೇಳಿದ್ದರೆ ಅದು ನನಗೆ ದೊಡ್ಡ ಸಂಪತ್ತಿಗಿಂತಲೂ ಪ್ರಿಯವಾಗುತ್ತಿತ್ತು ಎಂಬರ್ಥದಲ್ಲಿ ಮಾತಾಡಿದರು. ಮುಂದೆ ಖಲೀಫರಾದಾಗ ಅವರು ಯುವಕ ಇಬ್ನು ಅಬ್ಬಾಸ್(ರ)ರನ್ನು ಬದ್ರ್‌ನ ಹಿರಿಯರ ಸಾಲಿನಲ್ಲಿ ಕೂರಿಸಿ ಅಭಿಪ್ರಾಯ ಕೇಳುತ್ತಿದ್ದರು.

ಮಕ್ಕಳಿಂದ ನಾವು ಕಲಿಯಬೇಕಾದದ್ದು ಇದೇ. ಗೊತ್ತಿಲ್ಲ ಎನ್ನಲು ಮಗುವಿಗೆ ನಾಚಿಕೆಯಿಲ್ಲ. ನಮಗಿದೆ. ಆ ನಾಚಿಕೆಯಿಂದಲೇ ಎಷ್ಟೋ ಮಂದಿ ಝಕಾತಿನ ಲೆಕ್ಕ, ಆಸ್ತಿ ಪಾಲಿನ ನಿಯಮಗಳನ್ನು ಯಾರಲ್ಲೂ ಕೇಳದೆ ತಪ್ಪು ಮಾಡುತ್ತಾ ಇರುತ್ತೇವೆ. ಮಹಾ ವಿದ್ವಾಂಸ ಇಮಾಮ್ ಮಾಲಿಕ್(ರ)ರು ಅನೇಕ ಪ್ರಶ್ನೆಗಳಿಗೆ ಗೊತ್ತಿಲ್ಲ ಎಂದೇ ಉತ್ತರಿಸುತ್ತಿದ್ದರು. ಅದರಿಂದ ಅವರ ಗೌರವ ಕಡಿಮೆಯಾಗಲಿಲ್ಲ.

ಆ ತಂದೆ, “ಒಳ್ಳೆಯ ಪ್ರಶ್ನೆ ಮಗಾ, ನನಗೂ ಗೊತ್ತಿಲ್ಲ. ಬಾ, ಉಸ್ತಾದರಲ್ಲಿ ಕೇಳೋಣ” ಎಂದಿದ್ದರೆ? ಇಬ್ಬರಿಗೂ ಗೊತ್ತಾಗುತ್ತಿತ್ತು: ಬಾಗಿದಾಗ ನಾವು ಪ್ರಭುವನ್ನು ‘ಅಝೀಮ್’, ಅಂದರೆ ಮಹಾನನು ಎಂದು ಸ್ಮರಿಸುತ್ತೇವೆ. ಹಣೆ ನೆಲಕ್ಕೆ ತಾಗಿದಾಗ ‘ಅಅ್‌ಲಾ’, ಅಂದರೆ ಅತ್ಯುನ್ನತನು ಎನ್ನುತ್ತೇವೆ. ನಾವು ಎಲ್ಲಕ್ಕಿಂತ ಕೆಳಗಿರುವ ಹೊತ್ತಿನಲ್ಲಿ ಅವನು ಎಲ್ಲರಿಗಿಂತ ಮೇಲಿನವನೆಂದು ನಾಲಗೆ ಸಾಕ್ಷಿ ಹೇಳುತ್ತದೆ. ಅಂದಿನ ಇಶಾ ನಮಾಝಿನಲ್ಲಿ ಆ ತಂದೆಯ ಸುಜೂದ್ ಬೇರೆಯೇ ಆಗಿರುತ್ತಿತ್ತು.

ಈ ವಾರ ನಿಮ್ಮ ಮಗು ಕೇಳುವ ಒಂದು ಪ್ರಶ್ನೆಯನ್ನಾದರೂ ಗದರದೆ ಕೇಳಿಸಿಕೊಳ್ಳಿ. ಗೊತ್ತಿಲ್ಲದಿದ್ದರೆ ಮಗುವಿನ ಕೈಹಿಡಿದು ಮಸೀದಿಗೆ ಬನ್ನಿ.

ನಮ್ಮ ಜ್ಞಾನವನ್ನು ಅಲ್ಲಾಹನು ಹೆಚ್ಚಿಸಲಿ. ಆಮೀನ್.