ಹತ್ತರಿಯ ಬೆಲೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ತಪ್ಪಲಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಉತ್ಖನನ ನಡೆಸಿದಾಗ ನುಣುಪಾಗಿ ಉಜ್ಜಿದ ಕಲ್ಲುಕೊಡಲಿಗಳು ಹೊರಬಂದವು. ಕಬ್ಬಿಣವನ್ನು ಕಂಡರಿಯದ ಜನ ಬಳಸಿದ ಉಪಕರಣಗಳು ಅವು. ಕಲ್ಲನ್ನು ಒಡೆದು ಕೊಡಲಿಯ ಆಕಾರಕ್ಕೆ ತರುವುದು ಒಂದು ಕೆಲಸವಾದರೆ, ಅದರ ಬಾಯನ್ನು ಬಂಡೆಗೆ ತೇದು ಹದಗೊಳಿಸುವುದು ಅದಕ್ಕಿಂತ ಎಷ್ಟೋ ದೀರ್ಘವಾದ ಕೆಲಸ. ಬರಿದೆ ಒಡೆದ ಕಲ್ಲಿಗೂ ಮರ ಕಡಿಯುವ ಶಕ್ತಿ ತಕ್ಕಮಟ್ಟಿಗೆ ಉಂಟು. ಆದರೂ ಆ ಜನ ಉಜ್ಜಿದರು. ಅಲ್ಲೇ ಸಮೀಪದ ಬಂಡೆಯ ಮೇಲೆ ಅಶೋಕನ ಶಾಸನವನ್ನು ಬರೆದ ಚಪಡನು ತನ್ನ ಹೆಸರನ್ನು ಉಳಿಸಿಹೋಗಿದ್ದಾನೆ. ಅವನಿಗಿಂತ ಎಷ್ಟೋ ಹಿಂದಿನವನಾದ ಆ ಕೊಡಲಿಗಾರ ತೇದ ಅಂಚೊಂದನ್ನೇ ಬಿಟ್ಟುಹೋದನು.

ಮರ ಕೊಯ್ಯುವ ಅಂಚಿಗೆ ಮನುಷ್ಯ ಎಷ್ಟು ವೆಚ್ಚ ಮಾಡಬೇಕು ಎಂಬ ಈ ಹಳೆಯ ಪ್ರಶ್ನೆ ಈಚೆಗೆ ಚಳ್ಳಕೆರೆಯಲ್ಲಿ ನನ್ನ ಮುಂದೆ ಬಂದದ್ದು ಒಂದು ಹತ್ತರಿಯ ರೂಪದಲ್ಲಿ. ನಿಘಂಟುಗಳು ಇದನ್ನು ಕೀಸುಳಿಯೆಂದೂ ಉಜ್ಜುಗೊರಡೆಂದೂ ಕರೆಯುತ್ತವೆ, ತೋಪಡವೆನ್ನುವವರೂ ಇದ್ದಾರೆ. ನಮ್ಮ ಬಡಗಿಗಳ ಬಾಯಲ್ಲಿ ಅದು ಹತ್ತರಿ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವ ನನ್ನ ಸೋದರಳಿಯನಿಗೆ ರಜೆಯ ದಿನಗಳಲ್ಲಿ ಮರಗೆಲಸದ ಹುಚ್ಚು. ಅಮೆರಿಕದ ಮೇಯ್ನ್ ಪ್ರಾಂತದಲ್ಲಿ ಲೀ-ನೀಲ್ಸನ್ ಎಂಬ ಸಂಸ್ಥೆ ತಯಾರಿಸುವ ಹತ್ತರಿಯೊಂದನ್ನು ಅವನು ತರಿಸಿಕೊಂಡಿದ್ದಾನೆ. 1981ರಲ್ಲಿ ಆರಂಭವಾದ ಆ ಸಂಸ್ಥೆಯ ಮಧ್ಯಮ ಗಾತ್ರದ ಹತ್ತರಿಗೆ 300 ಡಾಲರಿಗೂ ಮೇಲೆ ಬೆಲೆ. ನಮ್ಮ ಲೆಕ್ಕದಲ್ಲಿ 25,000 ರೂಪಾಯಿ ದಾಟುತ್ತದೆ. ಸುಂಕ, ಸಾಗಣೆ ಬೇರೆ.

"ಒಂದು ಹತ್ತರಿಗೆ ಇಷ್ಟು ಕೊಡುವುದುಂಟೆ?" ಎಂದೆ.

"ನೀವು ಪುಸ್ತಕಕ್ಕೆ ಕೊಡುವುದಿಲ್ಲವೇ, ಮಾವ?" ಎಂದ. ನಾನು ಸುಮ್ಮನಾದೆ.

ಕೊಟ್ಟ ಹಣಕ್ಕೆ ಏನು ದೊರೆಯುತ್ತದೆ ಎಂಬುದನ್ನು ಮೊದಲು ಹೇಳಿಬಿಡಬೇಕು. ಹತ್ತರಿಯ ತಳ ಸಮತಟ್ಟಾಗಿರುತ್ತದೆ. ಅಲಗು ದಪ್ಪ, ಆದ್ದರಿಂದ ಗಂಟು ಸಿಕ್ಕಿದಾಗ ಅದುರುವುದಿಲ್ಲ. ಉಕ್ಕು ಹೆಚ್ಚು ಹೊತ್ತು ಹರಿತವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಡಲಿನ ಕಬ್ಬಿಣ ಸಾಮಾನ್ಯ ಎರಕದಂತೆ ಬೀಳುತ್ತಲೇ ಸೀಳುವ ಜಾತಿಯದಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಪೆಟ್ಟಿಗೆಯಿಂದ ತೆಗೆದು ಅಲಗನ್ನು ತುಸು ಮಸೆದರೆ ಸಾಕು, ಕೆಲಸಕ್ಕೆ ಸಿದ್ಧ. ಅಗ್ಗದ ಕಬ್ಬಿಣದ ಹತ್ತರಿಯಾದರೆ ತಳವನ್ನು ಗಾಜಿನ ಮೇಲೆ ಹಾಸಿದ ಉಪ್ಪುಕಾಗದಕ್ಕೆ ಗಂಟೆಗಟ್ಟಲೆ ಉಜ್ಜಬೇಕು, ಅಲಗು ಕೂರುವ ಜಾಗವನ್ನು ಅರದಿಂದ ತಿದ್ದಬೇಕು. ಅಗ್ಗದ ವಸ್ತುವಿನ ಬೆಲೆಯ ಒಂದು ಭಾಗವನ್ನು ಕೊಂಡವನು ತನ್ನ ತೋಳಿನಿಂದ ಕಟ್ಟುತ್ತಾನೆ.

ಆ ಹತ್ತರಿಯನ್ನು ಎತ್ತಿಕೊಂಡು ಊರಿನ ಹಿರಿಯ ಆಚಾರಿಯೊಬ್ಬರ ಅಂಗಳಕ್ಕೆ ಹೋದೆವು. ಚಳ್ಳಕೆರೆ ಎಣ್ಣೆ ಗಿರಣಿಗಳಿಂದ ಹೆಸರಾದ ಊರು. ಶೇಂಗಾ ಹೇರಿದ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದ ಕಾಲದಲ್ಲಿ ಅವರ ಮನೆತನಕ್ಕೆ ಗಾಡಿಯ ಕೆಲಸವೇ ಮುಖ್ಯವಾಗಿತ್ತು. ಗಾಡಿಗೆ ಬಾಚಿ, ಉಳಿ, ಗರಗಸ ಬೇಕು, ಹತ್ತರಿ ಅಪರೂಪ. ಕರಿಜಾಲಿಯ ಗುಂಬವನ್ನು ನುಣುಪು ಮಾಡಿ ಯಾರಿಗೆ ತೋರಿಸಬೇಕು? ಈಗ ಅವರ ಕೈಗೆ ಬರುವುದು ಬಾಗಿಲ ಚೌಕಟ್ಟು, ಹಳೆಯ ಮಂಚದ ರಿಪೇರಿ. ಅದನ್ನೂ ಸಿದ್ಧ ಬಾಗಿಲುಗಳು, ವಿದ್ಯುತ್ತಿನ ಹತ್ತರಿಗಳು ಬಹುಪಾಲು ಕಸಿದುಕೊಂಡಿವೆ.

ಬೇವಿನ ಹಲಗೆಯೊಂದು ಅಲ್ಲಿ ಬಿದ್ದಿತ್ತು. ಬೇವು ಬಡಗಿಯ ತಾಳ್ಮೆಯನ್ನು ಪರೀಕ್ಷಿಸುವ ಮರ. ಅದರ ಎಳೆಗಳು ಒಂದು ಪದರದಲ್ಲಿ ಈ ಕಡೆಗೆ ವಾಲಿದರೆ ಮುಂದಿನ ಪದರದಲ್ಲಿ ಆ ಕಡೆಗೆ ವಾಲುತ್ತವೆ; ಯಾವ ದಿಕ್ಕಿನಿಂದ ಹೆರೆದರೂ ಎಲ್ಲೋ ಒಂದೆಡೆ ಎಳೆ ಎದ್ದು ಕಿತ್ತುಬರುತ್ತದೆ. ಆಚಾರ್ಯರು ನೆಲದ ಮೇಲೆ ಕುಳಿತು ಹಲಗೆಯನ್ನು ಪಾದದಿಂದ ಒತ್ತಿಹಿಡಿದು ನಾಲ್ಕು ಸಲ ತಳ್ಳಿದರು. ಈರುಳ್ಳಿಯ ಪೊರೆಯಂಥ ಸಿಪ್ಪೆ ಸುರುಳಿ ಸುರುಳಿಯಾಗಿ ಬಂತು. ಹಲಗೆಯ ಮೇಲೆ ಬೆರಳಾಡಿಸಿ, "ಚೆನ್ನಾಗೈತೆ ಮೇಷ್ಟ್ರೇ. ಬಲು ಚೆನ್ನಾಗೈತೆ" ಎಂದರು. ಮತ್ತೆ ಹತ್ತು ಸಲ ತಳ್ಳಿ ಕೆಳಗಿಟ್ಟರು. "ಆದ್ರೆ ಭಾರ. ಇದು ನಿಂತು ಕೆಲಸ ಮಾಡೋರದು."

ಇದು ನನಗೆ ಹೊಳೆದಿರಲಿಲ್ಲ, ಅಳಿಯನಿಗೂ ಹೊಳೆದಿರಲಿಲ್ಲ. ಸುಮಾರು ಎರಡು ಕಿಲೋ ತೂಗುವ ಆ ಹತ್ತರಿ ಎತ್ತರದ ಮೇಜಿನ ಮುಂದೆ ನಿಂತು ಮೈಭಾರವನ್ನೆಲ್ಲ ಹಾಕುವವನಿಗಾಗಿ ರೂಪುಗೊಂಡದ್ದು. ಕುಳಿತು ದುಡಿಯುವವನಿಗೆ ಆ ಭಾರವನ್ನು ಪ್ರತಿಸಲವೂ ಹಿಂದಕ್ಕೆ ಎತ್ತಿ ತರುವುದು ತೋಳಿನ ಪಾಲಿಗೆ ಬರುತ್ತದೆ. ಜಪಾನಿನ ಬಡಗಿ ತನ್ನ ಮರದ ಹತ್ತರಿಯನ್ನು ತಳ್ಳದೆ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಉಪಕರಣವೆಂಬುದು ದೇಹದ ಭಂಗಿಗೆ ಹೊಂದಿಕೊಂಡು ಬೆಳೆದ ವಸ್ತು. ಬೆಲೆಪಟ್ಟಿಯಲ್ಲಿ ಈ ಸಂಗತಿ ಇರುವುದಿಲ್ಲ.

ಆಮೇಲೆ ಅವರು ತಮ್ಮದನ್ನು ತಂದರು. ಜಾಲಿಮರದ ಗೊರಡು, ಮರದ ಬೆಣೆ, ಮಸೆದು ಮಸೆದು ಗಿಡ್ಡಾದ ಅಲಗು. ರಾಜ್ಯದಲ್ಲೇ ಮಳೆ ಅತಿ ಕಡಿಮೆ ಬೀಳುವ ಸೀಮೆ ನಮ್ಮದು; ಬೇಸಗೆಯಲ್ಲಿ ಮರದ ಒಡಲು ಸೊಟ್ಟಗಾಗುತ್ತದೆ, ತಳವನ್ನು ಮತ್ತೆ ಸಮಮಾಡಬೇಕು. ಅಲಗಿನ ಬೆನ್ನಿಗೆ ಬಿಗಿದ ಎರಡನೆಯ ತಗಡನ್ನು ಅವರು ಕಣ್ಣಿನ ಹತ್ತಿರ ಹಿಡಿದು, ಅಂಚಿನಿಂದ ಕೂದಲೆಳೆಯಷ್ಟು ಮಾತ್ರ ಹಿಂದೆ ನಿಲ್ಲುವಂತೆ ಸರಿಸಿ ಬಿಗಿದರು. ಅದೇ ಬೇವಿನ ಹಲಗೆಯ ಮೇಲೆ ಹೊಡೆದರು. ಎಳೆ ಕಿತ್ತುಬರಲಿಲ್ಲ. ಆ ತಗಡು ಅಂಚಿಗೆ ಮಿಲಿಮೀಟರಿನ ಒಂದೆರಡು ಹತ್ತನೆಯ ಭಾಗದಷ್ಟು ಹತ್ತಿರ ಬಂದರೆ ಎಳೆ ಕೀಳುವುದು ನಿಲ್ಲುತ್ತದೆಂಬುದನ್ನು ಜಪಾನಿನ ಯಮಗಾತ ವಿಶ್ವವಿದ್ಯಾನಿಲಯದ ಕವಾಯ್ ಮತ್ತು ಕಾಟೊ ಎಂಬ ಪ್ರಾಧ್ಯಾಪಕರು ಹಿಗ್ಗಿಸಿದ ಚಲಚ್ಚಿತ್ರದಲ್ಲಿ ಕಾಣಿಸಿದ್ದಾರೆ. ಆಚಾರ್ಯರು ಆ ಚಿತ್ರವನ್ನು ನೋಡಿದವರಲ್ಲ.

ಇಲ್ಲಿಗೇ ನಿಲ್ಲಿಸಿ, ನೋಡಿ, ಕೈಚಳಕವಿದ್ದರೆ ದುಬಾರಿ ಹತ್ತರಿ ಬೇಡ ಎಂದು ಬರೆಯುವುದು ಸುಲಭ. ನಾನೂ ಅಂದು ಸಂಜೆ ಹಾಗೆಯೇ ಯೋಚಿಸುತ್ತಿದ್ದೆ. ಆದರೆ ಮೊಳಕಾಲ್ಮೂರಿನ ಮಗ್ಗಗಳನ್ನು ನೆನೆದಾಗ ಆ ತೃಪ್ತಿ ಉಳಿಯಲಿಲ್ಲ. ಅಲ್ಲಿಯ ರೇಷ್ಮೆ ಸೀರೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದದ್ದು. ಗುಂಡಿಮಗ್ಗದಲ್ಲಿ ರೇಷ್ಮೆಯ ಎಳೆ ತಗಲುವ ಮರದ ಭಾಗಗಳು ಅನೇಕ: ಲಾಳಿ, ಅದು ಸರಿದಾಡುವ ಹಲಗೆ, ನೆಯ್ದ ಸೀರೆ ಸುತ್ತಿಕೊಳ್ಳುವ ಮರ. ಅಲ್ಲಿ ಒಂದು ಸಿಬಿರು ಎದ್ದರೂ ಎಳೆ ತುಂಡಾಗುತ್ತದೆ. ನೇಕಾರ ಕೈ ನಿಲ್ಲಿಸಿ ಗಂಟು ಹಾಕುತ್ತಾನೆ. ಆ ಗಂಟಿನ ಹೊತ್ತಿಗೆ ಕೂಲಿಯಿಲ್ಲ. ಗಾಡಿಯ ಗುಂಬಕ್ಕೆ ವ್ಯರ್ಥವಾದ ನುಣುಪು ಇಲ್ಲಿ ಅನ್ನದ ಪ್ರಶ್ನೆ. ಹತ್ತರಿಯ ಯೋಗ್ಯತೆಯನ್ನು ಅಳೆಯುವಾಗ ಅದು ಹೆರೆದ ಮರ ನಾಳೆ ಯಾವುದನ್ನು ಮುಟ್ಟಲಿದೆ ಎಂಬುದನ್ನೂ ಕೇಳಬೇಕು.

ಇನ್ನೊಂದು ಮಾತು. ಅಳಿಯನ ಹತ್ತರಿ ಅವನಿಗೆ ಉಳಿಸಿಕೊಟ್ಟದ್ದು ಸಮಯವನ್ನು. ಆಚಾರ್ಯರು ತಮ್ಮದಕ್ಕೆ ಸುರಿಯುವುದೂ ಸಮಯವನ್ನೇ: ತಳ ತಿದ್ದುವುದು, ಮೆತ್ತನೆಯ ಉಕ್ಕನ್ನು ದಿನಕ್ಕೆ ಹತ್ತು ಬಾರಿ ಮಸೆಯುವುದು. ಚೌಕಟ್ಟು ಮಾಡಿಸುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. "ಮಾಡಿದಷ್ಟು ನೀಡು ಭಿಕ್ಷೆ" ಎಂಬ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮಾತು ಚಳ್ಳಕೆರೆ ಸೀಮೆಯಲ್ಲಿ ಎಲ್ಲರ ನಾಲಗೆಯ ಮೇಲಿದೆ. ಮಸೆದ ಹೊತ್ತು 'ಮಾಡಿದಷ್ಟು' ಎಂಬುದರೊಳಗೆ ಸೇರುತ್ತದೆಯೇ ಎಂದು ಯಾರೂ ಕೇಳಿದಂತಿಲ್ಲ. ಹಳ್ಳಿಯ ಕುಶಲಕರ್ಮಿ ಎಂಥ ಉಪಕರಣದಿಂದಲೂ ಕೆಲಸ ತೆಗೆಯುತ್ತಾನೆಂದು ನಾವು ವಿದ್ಯಾವಂತರು ಹೊಗಳುತ್ತೇವೆ. ಆ ಹೊಗಳಿಕೆಯಿಂದ ನಮಗೆ ಖರ್ಚಿಲ್ಲ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿತನವೂ ಒಂದು. ಉಪಕರಣಗಳಿಗೆಂದು ಅದು ಕೊಡುವ ನೆರವು ಹೆಚ್ಚೆಂದರೆ 15,000 ರೂಪಾಯಿ. ಅಳಿಯನ ಒಂದು ಹತ್ತರಿಗೆ ಅದು ಸಾಲದು. ಅಷ್ಟರಲ್ಲೇ ಗರಗಸ, ಉಳಿ, ಬೈರಿಗೆ ಎಲ್ಲವೂ ಆಗಬೇಕು.

ಹಾಗಾದರೆ ಕೊಳ್ಳಬೇಕೆ, ಬೇಡವೆ? ಕಲಿಸುವವರಿಲ್ಲದೆ ಕಲಿಯುತ್ತಿರುವ ಅಳಿಯನಂಥವನು ಕೊಳ್ಳಲಿ; ಹದವಾದ ಹತ್ತರಿಯ ಅನುಭವ ಹೇಗಿರುತ್ತದೆಂದು ಅವನ ಕೈಗೆ ತಿಳಿಸುವವರು ಬೇರೆ ಯಾರೂ ಇಲ್ಲ. ಹದ ಬಲ್ಲವನಿಗೆ ಇಡೀ ಹತ್ತರಿ ಅನಗತ್ಯ. ಆದರೆ ಒಳ್ಳೆಯ ಉಕ್ಕು ಅವನಿಗೆ ಇನ್ನೂ ಹೆಚ್ಚು ಅಗತ್ಯ. ಇದು ನನ್ನ ಸ್ವಂತ ಆಲೋಚನೆಯೆಂದು ಹೇಳಿಕೊಳ್ಳಲಾರೆ. ನಾವು ಏಳುವಾಗ ಆಚಾರ್ಯರು ಅಮೆರಿಕದ ಅಲಗನ್ನು ಬಿಚ್ಚಿ, ಉಗುರಿನ ಮೇಲೆ ಅದರ ಬಾಯಿಟ್ಟು ನೋಡಿ, "ತಮ್ಮಾ, ಇದೊಂದೇ ಬಿಡಿಯಾಗಿ ಸಿಗುತ್ತಾ?" ಎಂದು ಕೇಳಿದರು.

"ಸಿಗುತ್ತದೆ ಅಜ್ಜ. ನಾಲ್ಕೈದು ಸಾವಿರ ಆಗಬಹುದು. ಆದರೆ ದಪ್ಪ, ನಿಮ್ಮ ಗೊರಡಿನ ಬಾಯಿಗೆ ಹಿಡಿಯುವುದಿಲ್ಲ."

ಅವರು ಅಲಗನ್ನು ತಮ್ಮ ಗೊರಡಿನ ಬಾಯಿಗೆ ಅಡ್ಡ ಹಿಡಿದು ಅಳೆದರು. "ಮರ ತಾನೆ," ಎಂದರು, "ಉಳಿಯಲ್ಲಿ ಒಂದಿಷ್ಟು ಬಿಡಿಸಿಕೊಂಡ್ರಾಯ್ತು."