ಗಡಿಸೀಮೆಯ ಓಟು ದಿಲ್ಲಿಯಲ್ಲಿ ಎಲ್ಲಿ ಕೂರುತ್ತದೆ?

ಹಿಂದೂಪುರದಿಂದ ಮಡಕಶಿರಾ, ಪಾವಗಡ ಹಾದು ಕಲ್ಯಾಣದುರ್ಗಕ್ಕೆ ಹೋಗುವವರು ಅರ್ಧ ದಿನದೊಳಗೆ ಮೂವರು ಲೋಕಸಭಾ ಸದಸ್ಯರ ಸೀಮೆ ದಾಟುತ್ತಾರೆ. ಹಿಂದೂಪುರ, ಮಡಕಶಿರಾ ಎರಡೂ ಹಿಂದೂಪುರ ಕ್ಷೇತ್ರದವು. ನಡುವೆ ಬರುವ ಪಾವಗಡ ಕರ್ನಾಟಕದ ತುಮಕೂರು ಜಿಲ್ಲೆಯ ತಾಲ್ಲೂಕು. ಅಲ್ಲಿನವರು ಎಂಪಿಗೆ ಓಟು ಹಾಕುವುದು ಚಿತ್ರದುರ್ಗ ಕ್ಷೇತ್ರದಲ್ಲಿ. ಮತ್ತೆ ಗಡಿ ದಾಟಿ ಕಲ್ಯಾಣದುರ್ಗ ಮುಟ್ಟಿದರೆ ಅದು ಅನಂತಪುರ ಕ್ಷೇತ್ರ. ದಾರಿಬದಿಯ ಬೋರ್ಡುಗಳ ಲಿಪಿ ತೆಲುಗಿನಿಂದ ಕನ್ನಡಕ್ಕೆ, ಕನ್ನಡದಿಂದ ತೆಲುಗಿಗೆ ಹೊರಳುತ್ತದೆ. ಜನರ ಮಾತು ಮಾತ್ರ ಬೋರ್ಡಿನ ಹಿಂದೆ ಹೋಗುವುದಿಲ್ಲ. ಆಂಧ್ರಕ್ಕೆ ಸೇರಿದ ರೊಳ್ಳ, ಅಗಳಿ, ಅಮರಾಪುರದ ಕಡೆ ಮನೆಮಾತು ಕನ್ನಡ. ಕರ್ನಾಟಕಕ್ಕೆ ಸೇರಿದ ಪಾವಗಡದಲ್ಲಿ ಮನೆಯೊಳಗೆ ತೆಲುಗು ಆಡುವವರು ಬೀದಿ ಬೀದಿಗೂ ಇದ್ದಾರೆ.

ಇವರೆಲ್ಲರ ಪರವಾಗಿ ದಿಲ್ಲಿಯಲ್ಲಿ ಕೂತವರು ಯಾರು? ಶಾಲೆಯಲ್ಲಿ ಕಲಿತ ಉತ್ತರ ಎಲ್ಲರಿಗೂ ಬಾಯಿಪಾಠ: ಲೋಕಸಭೆ ಜನರದ್ದು, ರಾಜ್ಯಸಭೆ ರಾಜ್ಯಗಳದ್ದು. ಗಡಿಯ ಊರಲ್ಲಿ ನಿಂತು ನೋಡಿದರೆ ಈ ಉತ್ತರ ಅಷ್ಟು ಸಲೀಸಾಗಿ ಹೊಂದುವುದಿಲ್ಲ. ಒಂದು ಸದನ ನೆಲವನ್ನು ಎಣಿಸುತ್ತದೆ, ಇನ್ನೊಂದು ರಾಜ್ಯವನ್ನು. ಆಂಧ್ರದೊಳಗಿನ ಕನ್ನಡಿಗ ಎರಡೂ ಲೆಕ್ಕದಲ್ಲಿ ಆಂಧ್ರದವನೇ. ಅದರ ಬಗ್ಗೆ ಯಾರ ತಕರಾರೂ ಇಲ್ಲ. ಆದರೆ ತನ್ನೂರಿನ ಕನ್ನಡ ಶಾಲೆಗೆ ಮೇಷ್ಟ್ರು ಬೇಕೆಂಬ ಮಾತನ್ನು ಯಾವ ಸದನದಲ್ಲಿ, ಯಾರ ಬಾಯಲ್ಲಿ ಆಡಿಸಬೇಕೆಂಬುದು ಅವನಿಗೆ ಇನ್ನೂ ಬಗೆಹರಿಯದ ಪ್ರಶ್ನೆ.

44 ಓಟಿನ ದಾರಿ

ಲೋಕಸಭೆಯ ದಾರಿ ನೇರ. ಹಿಂದೂಪುರ ಕ್ಷೇತ್ರದಲ್ಲಿ ಏಳು ವಿಧಾನಸಭಾ ಕ್ಷೇತ್ರಗಳಿವೆ: ರಾಪ್ತಾಡು, ಮಡಕಶಿರಾ, ಹಿಂದೂಪುರ, ಪೆನುಕೊಂಡ, ಪುಟ್ಟಪರ್ತಿ, ಧರ್ಮವರಂ, ಕದಿರಿ. 2024ರಲ್ಲಿ ಇಲ್ಲಿ ಗೆದ್ದವರು ತೆಲುಗುದೇಶಂನ ಬಿ.ಕೆ. ಪಾರ್ಥಸಾರಥಿ. ಕಲ್ಯಾಣದುರ್ಗದವರು ಓಟು ಹಾಕಿದ ಅನಂತಪುರದಲ್ಲಿ ಗೆದ್ದವರು ಅದೇ ಪಕ್ಷದ ಅಂಬಿಕಾ ಲಕ್ಷ್ಮೀನಾರಾಯಣ. ಆಂಧ್ರದಲ್ಲಿ ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೇ ಚುನಾವಣೆ ನಡೆಯುವುದರಿಂದ ಕಲ್ಯಾಣದುರ್ಗದ ಮತದಾರ ಒಂದೇ ದಿನ ಎರಡು ಗುಂಡಿ ಒತ್ತುತ್ತಾನೆ. ರಾಜ್ಯಸಭೆಯ ಓಟು ಅವನ ಕೈಯಲ್ಲಿಲ್ಲ. ಅದನ್ನು ಅವನು ಆರಿಸಿದ ಎಮ್ಮೆಲ್ಲೆ ಅಮರಾವತಿಯಲ್ಲಿ ಹಾಕುತ್ತಾರೆ.

ಆ ಓಟಿನ ಗಣಿತ ಹೀಗಿದೆ. ಆಂಧ್ರ ವಿಧಾನಸಭೆಯಲ್ಲಿ 175 ಜನ. ರಾಜ್ಯಸಭೆಯ ಮೂರು ಸ್ಥಾನ ತೆರವಾದರೆ 175ನ್ನು ನಾಲ್ಕರಿಂದ ಭಾಗಿಸಿ ಒಂದು ಕೂಡಿಸಬೇಕು. 44 ಎಮ್ಮೆಲ್ಲೆಗಳ ಮೊದಲ ಪ್ರಾಶಸ್ತ್ಯದ ಓಟು ಸಿಕ್ಕವರು ಗೆದ್ದ ಹಾಗೆ. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಎಮ್ಮೆಲ್ಲೆಗಳು ಸೇರಿದರೂ ಮೂರೇ ಓಟು. 2003ರ ತಿದ್ದುಪಡಿಯ ಮೇಲೆ ಓಟು ಗುಟ್ಟಾಗಿಯೂ ಉಳಿದಿಲ್ಲ. ಪಕ್ಷದ ಏಜೆಂಟರಿಗೆ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು. ಹೀಗಾಗಿ ರಾಜ್ಯಸಭೆಗೆ ಯಾರು ಹೋಗಬೇಕೆಂಬುದು ಪಕ್ಷದ ವರಿಷ್ಠರ ಕೋಣೆಯಲ್ಲಿ ತೀರ್ಮಾನವಾಗುತ್ತದೆ.

ಲೋಕಸಭೆ ಐದು ವರ್ಷಕ್ಕೊಮ್ಮೆ ಪೂರ್ತಿ ಖಾಲಿಯಾಗುತ್ತದೆ. ರಾಜ್ಯಸಭೆ ಎಂದೂ ವಿಸರ್ಜನೆಯಾಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಮಾತ್ರ ನಿವೃತ್ತಿ. ಒಂದೇ ಚುನಾವಣೆಯ ಗಾಳಿ ಎರಡೂ ಸದನಗಳನ್ನು ಒಟ್ಟಿಗೆ ಹೊತ್ತೊಯ್ಯಬಾರದೆಂಬುದು ಲೆಕ್ಕಾಚಾರ. ಇದು ಹೇಗೆ ನಡೆಯುತ್ತದೆಂದು ನೋಡಲು 2024ರ ಆಂಧ್ರಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. 2019ರಲ್ಲಿ ವೈಎಸ್ಸಾರ್ ಕಾಂಗ್ರೆಸ್ 175ರಲ್ಲಿ 151 ಗೆದ್ದಿತ್ತು. ಆ ಬಲದಿಂದ ಸರದಿಯಂತೆ ರಾಜ್ಯಸಭೆಯ ಸ್ಥಾನಗಳನ್ನು ತುಂಬಿಕೊಳ್ಳುತ್ತಾ 2024ರ ಏಪ್ರಿಲ್ ಹೊತ್ತಿಗೆ ಆಂಧ್ರದ 11ಕ್ಕೆ 11 ಸ್ಥಾನವನ್ನೂ ತನ್ನದಾಗಿಸಿಕೊಂಡಿತು. ಜೂನ್‌ನಲ್ಲಿ ಫಲಿತಾಂಶ ಬಂದಾಗ ವಿಧಾನಸಭೆಯಲ್ಲಿ ಅದಕ್ಕೆ ಉಳಿದದ್ದೂ 11. ಲೋಕಸಭೆಯ 25ರಲ್ಲಿ ಬರೀ 4. ಒಂದೇ ರಾಜ್ಯ ಒಂದು ಸದನದಲ್ಲಿ ತೆಲುಗುದೇಶಂನ ಚಂದ್ರಬಾಬು ನಾಯ್ಡು ಕಡೆ, ಇನ್ನೊಂದರಲ್ಲಿ ವೈಎಸ್ಸಾರ್ ಕಾಂಗ್ರೆಸ್ಸಿನ ಜಗನ್ ಕಡೆ ಕೂತಿತ್ತು!

ಸಂವಿಧಾನ ಬರೆದವರು ಬಯಸಿದ್ದು ಈ ವಿಳಂಬವನ್ನೇ. ಅವರು ಎಣಿಸದೆ ಇದ್ದದ್ದು ರಾಜೀನಾಮೆಯನ್ನು. ಕೆಲವೇ ತಿಂಗಳಲ್ಲಿ ಆ ಹನ್ನೊಂದರಲ್ಲಿ ಮೂವರು ರಾಜೀನಾಮೆ ಕೊಟ್ಟರು. ಡಿಸೆಂಬರ್ ಉಪಚುನಾವಣೆಯಲ್ಲಿ ಮೂರೂ ಸ್ಥಾನ ಆಳುವ ಮೈತ್ರಿಕೂಟಕ್ಕೆ ಹೋದವು. ರಾಜೀನಾಮೆ ಕೊಟ್ಟವರಲ್ಲಿ ಇಬ್ಬರು ಹೊಸ ಪಕ್ಷದ ಟಿಕೆಟ್ಟಿನಲ್ಲಿ ಅದೇ ಸದನಕ್ಕೆ ಮರಳಿದರು. ಆರು ವರ್ಷದ ಸ್ಥಿರತೆಯ ಮಾತು ಇಷ್ಟು ಹಗುರಾದರೆ ಮೇಲ್ಮನೆಯ ಗತ್ತು ಉಳಿಯುವುದು ಕಷ್ಟ.

ರಾಜ್ಯಸಭೆ ‘ರಾಜ್ಯಗಳ ಸದನ’ ಎಂಬುದಕ್ಕೂ 2003ರಲ್ಲೇ ಪೆಟ್ಟು ಬಿತ್ತು. ಆರಿಸುವ ರಾಜ್ಯದ ನಿವಾಸಿಯಾಗಿರಬೇಕೆಂಬ ಷರತ್ತು ಹೋಯಿತು. 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ನೆಲ್ಲೂರಿನ ವೆಂಕಯ್ಯ ನಾಯ್ಡು ಷರತ್ತು ಹೋಗುವ ಮೊದಲೇ, 1998ರಿಂದ 2016ರವರೆಗೆ ಕರ್ನಾಟಕದ ಸದಸ್ಯರು. ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಂ ರಮೇಶ್ 2004ರಿಂದ 2016ರವರೆಗೆ ಆಂಧ್ರದ ಸದಸ್ಯರು, ಆಮೇಲೆ ಕರ್ನಾಟಕದವರು. ನಿರ್ಮಲಾ ಸೀತಾರಾಮನ್ ಮೊದಲು ಆಂಧ್ರದಿಂದ, 2016ರಿಂದ ಕರ್ನಾಟಕದಿಂದ. 2014ರ ಫೆಬ್ರುವರಿ 20ರಂದು ಆಂಧ್ರ ವಿಭಜನೆಯ ಮಸೂದೆ ರಾಜ್ಯಸಭೆಗೆ ಬಂದಾಗ ಉಳಿದ ಆಂಧ್ರಕ್ಕೆ ವಿಶೇಷ ಸ್ಥಾನಮಾನ ಬೇಕೆಂದು ಪಟ್ಟು ಹಿಡಿದದ್ದು ಕರ್ನಾಟಕದ ಸದಸ್ಯ ವೆಂಕಯ್ಯ. ಮಸೂದೆ ರೂಪಿಸಿದ ಸಚಿವರ ಗುಂಪಿನಲ್ಲಿದ್ದದ್ದು ಆಂಧ್ರದ ಸದಸ್ಯ ಜೈರಾಂ. ಐದು ವರ್ಷ ಆ ಸ್ಥಾನಮಾನ ಕೊಡುವುದಾಗಿ ಪ್ರಧಾನಿ ಮನಮೋಹನ್ ಸಿಂಗ್ ಸದನದಲ್ಲೇ ಹೇಳಿದರು. ಅದು ಕಾಯ್ದೆಯೊಳಗೆ ಸೇರಲಿಲ್ಲ, ಇವತ್ತಿನವರೆಗೂ ಸಿಕ್ಕಿಲ್ಲ. ಆಂಧ್ರ ವಿಧಾನಸಭೆ ಅದೇ ಮಸೂದೆಯನ್ನು ಜನವರಿಯಲ್ಲಿ ತಿರಸ್ಕರಿಸಿತ್ತು. ಸಂವಿಧಾನದ 3ನೇ ವಿಧಿಯ ಪ್ರಕಾರ ರಾಜ್ಯದ ಅಭಿಪ್ರಾಯ ಕೇಳಬೇಕು, ಒಪ್ಪಬೇಕೆಂದಿಲ್ಲ. ಗಡಿಯವರು ಇದನ್ನು ನೆನಪಿಟ್ಟುಕೊಳ್ಳಬೇಕು: ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ 1953ರಲ್ಲಿ ಆಂಧ್ರಕ್ಕೆ ಹೋದದ್ದೂ ಸಂಸತ್ತು ಮಾಡಿದ ಕಾಯ್ದೆಯಿಂದಲೇ.

ಹಿಂದೂಪುರದ ಸ್ಪೀಕರ್, ಶಿವಮೊಗ್ಗದ ಸದಸ್ಯ

ದಿಲ್ಲಿಯ ಸದನದಲ್ಲಿ ಹಿಂದೂಪುರದ ದನಿ ಸಂಸತ್ತಿಗಿಂತ ಹಳೆಯದು. ಹಿಂದೂಪುರ ಸೀಮೆಯ ಸ್ವಾತಂತ್ರ್ಯ ಹೋರಾಟಗಾರ ಕಲ್ಲೂರು ಸುಬ್ಬರಾವ್ ಮದ್ರಾಸ್ ಪ್ರಾಂತ್ಯದಿಂದ ಸಂವಿಧಾನ ಸಭೆಯಲ್ಲಿದ್ದರು. 1949ರ ಸೆಪ್ಟೆಂಬರ್‌ನಲ್ಲಿ ದೇಶಕ್ಕೆ ಏನು ಹೆಸರಿಡಬೇಕೆಂಬ ಚರ್ಚೆ ನಡೆದಾಗ ಎದ್ದುನಿಂತು ‘ಭಾರತ’ದ ಪರ ವಾದಿಸಿದರು. ಸಿಂಧೂ ನದಿಯಿಂದ ಬಂದ ಹೆಸರು ಈಗ ಆ ನದಿ ಹರಿಯುವ ಪಾಕಿಸ್ತಾನಕ್ಕೇ ಸಲ್ಲಬೇಕು ಎಂಬುದು ಅವರ ತರ್ಕ. ರಾಯಲಸೀಮೆಯವರ ಕೊಂಕು ಅದರಲ್ಲಿ ಕಾಣದೆ ಇರುವುದಿಲ್ಲ.

ಅವರ ನಂತರ ಬಂದವರು ನೀಲಂ ಸಂಜೀವ ರೆಡ್ಡಿ. ಅನಂತಪುರ ಜಿಲ್ಲೆಯ ಇಲ್ಲೂರಿನವರು, ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ. 1964ರಲ್ಲಿ ಕೇಂದ್ರದಲ್ಲಿ ಸಚಿವರಾಗಿ ರಾಜ್ಯಸಭೆಗೂ ಹೋದರು. 1967ರಲ್ಲಿ ಹಿಂದೂಪುರದಿಂದ ಲೋಕಸಭೆಗೆ ಗೆದ್ದು ಮಾರ್ಚ್ 17ರಂದು ಸ್ಪೀಕರ್ ಪೀಠ ಏರಿದರು. ಏರಿದ ಕೂಡಲೇ ಕಾಂಗ್ರೆಸ್ ಸದಸ್ಯತ್ವ ಬಿಟ್ಟರು. ಪೀಠದಲ್ಲಿ ಕೂತವನಿಗೆ ಪಕ್ಷ ಇರಬಾರದೆಂಬ ಆ ನಡೆಯನ್ನು ಆಮೇಲಿನ ಸ್ಪೀಕರ್‌ಗಳು ಹೊಗಳಿದಷ್ಟು ಅನುಸರಿಸಲಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಕಲ್ಯಾಣಕ್ಕೆ ಸಂಸದೀಯ ಸಮಿತಿ ಶುರುವಾದದ್ದೂ ಅವರ ಕಾಲದಲ್ಲಿ.

ಅದೇ 1967ರ ಲೋಕಸಭೆಗೆ ಶಿವಮೊಗ್ಗದಿಂದ ಸಂಯುಕ್ತ ಸೋಷಲಿಸ್ಟ್ ಪಕ್ಷದ ಜೆ.ಎಚ್. ಪಟೇಲರು ಬಂದಿದ್ದರು. ಲೋಹಿಯಾ ಗರಡಿಯವರು. ಎದ್ದು ನಿಂತವರೇ ಕನ್ನಡದಲ್ಲಿ ಶುರುಮಾಡಿದರು. ಸಂವಿಧಾನದ 120ನೇ ವಿಧಿ ಸಂಸತ್ತಿನ ಕಲಾಪ ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕೆನ್ನುತ್ತದೆ. ಆ ಎರಡರಲ್ಲೂ ಮನಸ್ಸಿನ ಮಾತು ಹೇಳಲಾಗದ ಸದಸ್ಯನಿಗೆ ತಾಯ್ನುಡಿಯಲ್ಲಿ ಮಾತಾಡಲು ಪೀಠ ಅನುಮತಿ ಕೊಡಬಹುದು. ಕೊಡಲೇಬೇಕೆಂದಿಲ್ಲ. ಸಂಜೀವ ರೆಡ್ಡಿ ಕೊಟ್ಟರು. ಪಟೇಲರಿಗೆ ಇಂಗ್ಲಿಷ್ ಬಾರದೆಂದು ಯಾರೂ ನಂಬುವ ಹಾಗಿರಲಿಲ್ಲ. ಸ್ಪೀಕರ್ ಆ ತಕರಾರಿಗೆ ಇಳಿಯಲಿಲ್ಲ. ಲೋಕಸಭೆಯಲ್ಲಿ ಕನ್ನಡ ಮೊದಲು ಕೇಳಿಸಿದ್ದು ಹಾಗೆ. ಮಾತಾಡಿದವರು ಕರ್ನಾಟಕದವರು, ಮಾತಾಡಲು ಬಿಟ್ಟವರು ಕನ್ನಡಿಗರೂ ಇರುವ ಆಂಧ್ರದ ಕ್ಷೇತ್ರದ ತೆಲುಗರು. ನಮ್ಮಲ್ಲಿ ಪಟೇಲರ ಧೈರ್ಯದ ಕಥೆ ಎಲ್ಲರಿಗೂ ಗೊತ್ತು. ಹಿಂದೂಪುರದ ಪಾಲು ಅಷ್ಟಾಗಿ ನೆನಪಾಗುವುದಿಲ್ಲ.

1969ರ ಜುಲೈನಲ್ಲಿ ರೆಡ್ಡಿ ಸ್ಪೀಕರ್ ಪೀಠ ಬಿಟ್ಟು ರಾಷ್ಟ್ರಪತಿ ಚುನಾವಣೆಗೆ ನಿಂತರು. ಆತ್ಮಸಾಕ್ಷಿಯಂತೆ ಓಟು ಹಾಕಿ ಎಂಬ ಇಂದಿರಾ ಗಾಂಧಿಯವರ ಕರೆಯ ಮುಂದೆ ವಿ.ವಿ. ಗಿರಿಯವರಿಗೆ ಸೋತರು. 1977ರಲ್ಲಿ ಮತ್ತೆ ಸ್ಪೀಕರ್ ಆಗಿ, ಅದೇ ವರ್ಷ ಅವಿರೋಧವಾಗಿ ರಾಷ್ಟ್ರಪತಿಯಾದರು. ಎರಡೂ ಸದನಗಳಲ್ಲಿ ಕೂತು, ಎರಡು ಸಲ ಸ್ಪೀಕರ್ ಆಗಿ ರಾಷ್ಟ್ರಪತಿ ಭವನ ಸೇರಿದವರು ಬೇರೆ ಯಾರೂ ಇಲ್ಲ.

ಹಿಂದೂಪುರದ ಇನ್ನೊಂದು ವಿಚಿತ್ರವನ್ನು ಇಲ್ಲೇ ಹೇಳಿಬಿಡಬೇಕು. 1985ರಲ್ಲಿ ಇಲ್ಲಿಂದ ಎಮ್ಮೆಲ್ಲೆಯಾದ ಎನ್.ಟಿ. ರಾಮರಾವ್ ಅದೇ ವರ್ಷ ಆಂಧ್ರದ ವಿಧಾನ ಪರಿಷತ್ತನ್ನೇ ತೆಗೆಸಿಹಾಕಿದರು. 2007ರಲ್ಲಿ ಅದು ಮರಳಿ ಬಂತು. 2020ರಲ್ಲಿ ಜಗನ್ ಸರ್ಕಾರ ಮತ್ತೆ ತೆಗೆಯುವ ನಿರ್ಣಯ ಮಾಡಿ, 2021ರಲ್ಲಿ ವಾಪಸ್ ಪಡೆಯಿತು. ರಾಜ್ಯದ ಮೇಲ್ಮನೆ ಹೀಗೆ ಬಂದು ಹೋಗಬಹುದು. ರಾಜ್ಯಸಭೆಯನ್ನು ಯಾವ ಸರ್ಕಾರವೂ ಬರೀ ನಿರ್ಣಯದಿಂದ ತೆಗೆಯಲಾರದು. ರಾಮರಾಯರ ಮಗ, ಹಿಂದೂಪುರದಿಂದಲೇ ವಿಧಾನಸಭೆಗೆ ಹೋಗಿದ್ದ ಹರಿಕೃಷ್ಣ 2013ರ ಆಗಸ್ಟ್‌ನಲ್ಲಿ ರಾಜ್ಯಸಭೆಯಲ್ಲಿ ತೆಲುಗಿನಲ್ಲೇ ಮಾತಾಡುತ್ತೇನೆಂದು ಹಟ ಹಿಡಿದಾಗ ಪೀಠದಿಂದ ಆಕ್ಷೇಪ ಬಂತು. ಪಟೇಲರು ಕನ್ನಡದಲ್ಲಿ ಮಾತಾಡಿ 46 ವರ್ಷ ಆಗಿತ್ತು. 2018ರ ಜುಲೈನಲ್ಲಿ, ವೆಂಕಯ್ಯ ಸಭಾಪತಿಯಾಗಿದ್ದಾಗ, ಎಂಟನೇ ಅನುಸೂಚಿಯ ಎಲ್ಲ 22 ಭಾಷೆಗೂ ರಾಜ್ಯಸಭೆಯಲ್ಲಿ ದುಭಾಷಿ ವ್ಯವಸ್ಥೆ ಬಂತು.

ಮೇಜಿನ ಮೇಲೆ ಉಳಿಯುವ ವರದಿ

ಯಾವ ಸದನಕ್ಕೆ ಎಷ್ಟು ಅಧಿಕಾರ? ದುಡ್ಡಿನ ವಿಷಯದಲ್ಲಿ ಲೋಕಸಭೆಯದೇ ಕೊನೆಯ ಮಾತು. ಹಣಕಾಸು ಮಸೂದೆಯನ್ನು ರಾಜ್ಯಸಭೆ 14 ದಿನದಲ್ಲಿ ಹಿಂತಿರುಗಿಸಬೇಕು. ಸರ್ಕಾರ ಬೀಳಿಸುವುದೂ ಲೋಕಸಭೆಯೇ. ಬೇರೆ ಮಸೂದೆಗಳಿಗೆ ಇಬ್ಬರ ಒಪ್ಪಿಗೆಯೂ ಬೇಕು. ಜಗಳ ಬಗೆಹರಿಯದಿದ್ದರೆ ಜಂಟಿ ಅಧಿವೇಶನ. 1961, 1978, 2002 ಹೀಗೆ ಮೂರೇ ಸಲ ಅದು ನಡೆದಿದೆ. ಸಂವಿಧಾನದ ತಿದ್ದುಪಡಿಗೆ ಜಂಟಿ ಅಧಿವೇಶನದ ದಾರಿಯೂ ಇಲ್ಲ. ಅಲ್ಲಿ ರಾಜ್ಯಸಭೆಗೆ ಲೋಕಸಭೆಯಷ್ಟೇ ತೂಕ.

ಗಡಿಯ ಕನ್ನಡಿಗನಿಗೆ ಇದಕ್ಕಿಂತ ಹತ್ತಿರದ್ದು 1956ರ ಏಳನೇ ತಿದ್ದುಪಡಿ. ಭಾಷಾವಾರು ರಾಜ್ಯಗಳ ಜೊತೆಗೇ ಅದು ಎರಡು ವಿಧಿಗಳನ್ನು ಸೇರಿಸಿತು. 350ಎ ಪ್ರಕಾರ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ರಾಜ್ಯ ಅನುಕೂಲ ಮಾಡಬೇಕು. 350ಬಿ ಪ್ರಕಾರ ಭಾಷಾ ಅಲ್ಪಸಂಖ್ಯಾತರಿಗಾಗಿ ಒಬ್ಬ ವಿಶೇಷ ಅಧಿಕಾರಿ ಇರಬೇಕು, ಅವರ ವರದಿ ಸಂಸತ್ತಿನ ಎರಡೂ ಸದನಗಳ ಮುಂದೆ ಬರಬೇಕು. ಮಡಕಶಿರಾದ ಕನ್ನಡ ಶಾಲೆಯೂ ಪಾವಗಡದ ತೆಲುಗು ಮನೆಗಳೂ ಸಂಸತ್ತಿನ ಲೆಕ್ಕಕ್ಕೆ ಭಾಷೆಯ ಹೆಸರಿನಲ್ಲಿ ಬರುವುದು ಈ ಬಾಗಿಲಿನಿಂದ. ಆದರೆ ವರದಿ ‘ಮಂಡನೆ’ ಆಯಿತೆಂದರೆ ಮೇಜಿನ ಮೇಲೆ ಇಟ್ಟಾಯಿತು ಎಂದಷ್ಟೇ ಅರ್ಥ. ಚರ್ಚೆಯಾಗಬೇಕಾದರೆ ಯಾರಾದರೂ ಸದಸ್ಯರು ಕೇಳಬೇಕು.

ಕೇಳಲು ದಾರಿಗಳಿವೆ. 15 ದಿನ ಮುಂಚೆ ನೋಟಿಸ್ ಕೊಟ್ಟರೆ ಪ್ರಶ್ನೆ ಹಾಕಬಹುದು. ಲೋಕಸಭೆಯಲ್ಲಿ ನಿಯಮ 377, ರಾಜ್ಯಸಭೆಯಲ್ಲಿ ವಿಶೇಷ ಪ್ರಸ್ತಾಪ ಇವೆ. ಹಿಂದೂಪುರ, ಅನಂತಪುರದ ಎಂಪಿಗಳು ಕನ್ನಡ ಶಾಲೆಗಳಿಗಾಗಿ ಇವನ್ನು ಬಳಸಬೇಕು. ಚಿತ್ರದುರ್ಗದ ಎಂಪಿ ಪಾವಗಡದ ತೆಲುಗರ ಪರವಾಗಿ ಅದೇ ಕೆಲಸ ಮಾಡಬೇಕು. ಕರ್ನಾಟಕದ 12 ಮತ್ತು ಆಂಧ್ರದ 11 ರಾಜ್ಯಸಭಾ ಸದಸ್ಯರಿಗೆ ಗಡಿಯ ಎರಡೂ ಬದಿಯ ಮಾತನ್ನು ಒಂದೇ ಸದನದಲ್ಲಿ ಆಡುವ ಅವಕಾಶವಿದೆ.

ಎಂಪಿಯವರು ಕೇಳುವವರೆಗೆ ಕಾಯಬೇಕೆಂದೂ ಇಲ್ಲ. ಲೋಕಸಭೆಗೆ ಯಾವ ನಾಗರಿಕನೂ ಅರ್ಜಿ ಸಲ್ಲಿಸಬಹುದು. ಅದನ್ನು ಮಂಡಿಸಲು ಒಬ್ಬ ಸದಸ್ಯರ ಸಹಿ ಬೇಕು. ಕಲ್ಯಾಣದುರ್ಗ ಸೀಮೆಯ ಕುಂದುರ್ಪಿಯವರೂ ಅಮರಾಪುರದವರೂ ಅದನ್ನು ಕನ್ನಡದಲ್ಲೇ ಬರೆಯಲಿ. ಹಿಂದಿ ಅಥವಾ ಇಂಗ್ಲಿಷ್ ಅನುವಾದ ಲಗತ್ತಿಸಿ, ಅದಕ್ಕೂ ಸಹಿ ಹಾಕಿದರೆ ನಿಯಮದ ಪ್ರಕಾರ ಅದು ಸ್ವೀಕಾರಾರ್ಹ.