ಕಿವಿಯಲ್ಲಿ ಕೂದಲು: ಎಷ್ಟು ಕತ್ತರಿಸಬೇಕು, ಎಲ್ಲಿ ನಿಲ್ಲಿಸಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಕೇಳಿ ಚಿಕ್ಕ ವಯಸ್ಸಿನವರು ನಗಬಹುದು. ಐವತ್ತು ದಾಟಿದವರು ಮಾತ್ರ ಮೆಲ್ಲಗೆ ಕಿವಿ ಮುಟ್ಟಿ ನೋಡ್ಕೊಳ್ತಾರೆ. ಹೌದು, ಕಿವಿಯಲ್ಲಿ ಬೆಳೆಯೋ ಕೂದಲು. ತಲೆ ಮೇಲೆ ಬೇಕು ಅಂದ್ರೂ ಇರಲ್ಲ, ಕಿವಿಯಲ್ಲಿ ಬೇಡ ಅಂದ್ರೂ ಬಿಡಲ್ಲ. ಯಾಕೆ ಹೀಗೆ, ಏನು ಮಾಡಬಹುದು, ಏನು ಮಾಡಲೇಬಾರದು ಅನ್ನೋದನ್ನ ಇವತ್ತು ನೋಡೋಣ. ಈ ಕೂದಲಿನಿಂದ ತೊಂದರೆ ಆಗೋದು ಅಪರೂಪ. ಅದನ್ನ ತೆಗೆಯೋ ರೀತಿ ತಪ್ಪಿದರೆ ಮಾತ್ರ ತೊಂದರೆ ದೊಡ್ಡದಾಗಬಹುದು. ಅದಕ್ಕೇ ಈ ಸಂಚಿಕೆ.

ಮೊದಲು ಕಾರಣ. ನಮ್ಮ ಕಿವಿ ಮೇಲೆ ಹುಟ್ಟಿನಿಂದಲೇ ಕಣ್ಣಿಗೆ ಕಾಣದಷ್ಟು ನವಿರಾದ ರೋಮ ಇರುತ್ತೆ. ಗಂಡಸರಲ್ಲಿ ಹೆಚ್ಚಾಗಿರೋ ಆಂಡ್ರೊಜೆನ್ ಹಾರ್ಮೋನುಗಳು ವರ್ಷಗಟ್ಟಲೆ ಈ ರೋಮದ ಬುಡದ ಮೇಲೆ ಕೆಲಸ ಮಾಡ್ತಾ ಬರುತ್ತವೆ. ಆಗ ಅದೇ ನವಿರು ರೋಮ ದಪ್ಪ ಕೂದಲಾಗುತ್ತೆ. ಮೂಗು, ಹುಬ್ಬು ಎಲ್ಲ ಕಡೆ ಇದೇ ಕತೆ. ವಿಚಿತ್ರ ಅಂದ್ರೆ, ಅದೇ ಹಾರ್ಮೋನು ತಲೆಯಲ್ಲಿ ಉಲ್ಟಾ ಕೆಲಸ ಮಾಡುತ್ತೆ. ಬೋಳಾಗೋ ಗುಣ ಇರೋರಲ್ಲಿ ಕೂದಲ ಬುಡವನ್ನು ಸಣ್ಣದು ಮಾಡ್ತಾ ಹೋಗುತ್ತೆ. ಒಂದೇ ನೀರು ಒಂದು ಗದ್ದೆಯ ಬೆಳೆ ಎಬ್ಬಿಸಿ, ಪಕ್ಕದ ಗದ್ದೆಯ ಬೆಳೆ ಕೊಳೆಸಿದ ಹಾಗೆ.

ಇದು ವಂಶದಲ್ಲಿ ಬರುತ್ತಾ? ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ನೆನಪಿರಬಹುದು, ಕಿವಿ ಕೂದಲು ವೈ ಕ್ರೋಮೋಸೋಮ್ ಮೂಲಕ ಅಪ್ಪನಿಂದ ಮಗನಿಗೆ ಬರುತ್ತೆ ಅಂತ ಉದಾಹರಣೆ ಕೊಡ್ತಿದ್ರು. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಿವಿ ತುಂಬ ಕೂದಲಿರುವ ದಕ್ಷಿಣ ಭಾರತದ ಗಂಡಸರ ವೈ ಕ್ರೋಮೋಸೋಮನ್ನೇ ಪರೀಕ್ಷೆ ಮಾಡಿದರು. ಅಂಥ ಸಂಬಂಧ ಸಿಗಲಿಲ್ಲ. ಅಂದ್ರೆ ಆ ಪಾಠ ಅಷ್ಟು ಸರಳ ಅಲ್ಲ. ಅಂದಹಾಗೆ, ಕಿವಿ ಕೂದಲಿನ ಗಿನ್ನೆಸ್ ದಾಖಲೆಯೂ ನಮ್ಮ ನೆರೆಯಲ್ಲೇ ಇದೆ. ಮಧುರೈನ ನಿವೃತ್ತ ಹೆಡ್‌ಮಾಸ್ಟರ್ ಆಂಟನಿ ವಿಕ್ಟರ್ ಅವರ ಕಿವಿ ಕೂದಲು 2007ರಲ್ಲಿ 18.1 ಸೆಂ.ಮೀ. ಇತ್ತು.

ಕಿವಿ ಕೂದಲಿದ್ದರೆ ಹಾರ್ಟ್ ವೀಕ್ ಅನ್ನೋ ವಾಟ್ಸಾಪ್ ಮೆಸೇಜು ನಿಮಗೂ ಬಂದಿರಬಹುದು. ಅದರ ಮೂಲ 1984ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ವೈದ್ಯರು ಬರೆದ ಪತ್ರಕ್ಕೆ ಹೋಗುತ್ತೆ. ಕೂದಲಿಗೂ ಹೃದ್ರೋಗಕ್ಕೂ ನಂಟಿರಬಹುದು ಅಂತ ಅದರಲ್ಲಿ ಹೇಳಿದ್ರು. ಆದರೆ ವಯಸ್ಸಾದ ಹಾಗೆ ಎರಡೂ ಹೆಚ್ಚಾಗುತ್ತವೆ ಅಲ್ವಾ? ಕೂದಲು ಕಿತ್ತರೆ ಹಾರ್ಟ್ ಗಟ್ಟಿಯಾಗಲ್ಲ. ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸ್ಕೊಳ್ಳಿ, ಅದು ಕೆಲಸಕ್ಕೆ ಬರುತ್ತೆ.

ಈಗ ಮುಖ್ಯ ಮಾತು. ದೊಡ್ಡವರ ಕಿವಿ ನಾಳ ಸುಮಾರು 2.5 ಸೆಂ.ಮೀ. ಉದ್ದ, ಸ್ವಲ್ಪ ಡೊಂಕು. ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಕೂದಲು, ಗುಗ್ಗೆ ತಯಾರಿಸೋ ಗ್ರಂಥಿ ಇರೋದು. ಒಳಗಿನ ಭಾಗದಲ್ಲಿ ಮೂಳೆ ಮೇಲೆ ತೆಳು ಚರ್ಮ ಹೊದಿಸಿದ ಹಾಗಿರುತ್ತೆ, ಅದರ ಕೊನೆಗೆ ತಮಟೆ. ಬಾಗಿಲಲ್ಲಿರೋ ಈ ಕೂದಲು, ಗುಗ್ಗೆ ಸೇರಿ ಧೂಳು, ಹುಳುಹುಪ್ಪಟೆ ತಡೀತವೆ. ಹಾಗಾಗಿ ನಿಯಮ ಒಂದೇ: ಹೊರಗೆ ಕಾಣೋದನ್ನ ಕತ್ತರಿಸಿ, ಒಳಗಿರೋದನ್ನ ಮುಟ್ಟಬೇಡಿ.

ಮನೆಯಲ್ಲಿ ಮಾಡ್ಕೊಳ್ಳೋದಾದ್ರೆ ಮೂಗು-ಕಿವಿಗೆ ಅಂತಲೇ ಸಿಗೋ ಬ್ಯಾಟರಿ ಟ್ರಿಮ್ಮರ್ ಸಾಕು. ಕಿವಿ ಒಣಗಿರಲಿ, ಬೆಳಕು ಚೆನ್ನಾಗಿರಲಿ. ಕಿವಿ ಅಂಚು, ಹಾಲೆ, ತೂತಿನ ಮುಂದಿರೋ ಪುಟ್ಟ ಉಬ್ಬು, ಇಷ್ಟರ ಮೇಲೆ ಆಡಿಸಿ. ತುದಿಯನ್ನ ತೂತಿನೊಳಗೆ ತಳ್ಳಬೇಡಿ. ಉದುರಿದ ಚೂರನ್ನ ಒದ್ದೆ ಬಟ್ಟೆಯಲ್ಲಿ ಒರೆಸಿ. ಎರಡು ಮೂರು ವಾರಕ್ಕೊಮ್ಮೆ ಮಾಡಿದ್ರೆ ಸಾಕಾಗುತ್ತೆ. ಕತ್ತರಿಸಿದ್ರೆ ಇನ್ನೂ ದಪ್ಪ ಬರುತ್ತೆ ಅನ್ನೋದು ನಿಜ ಅಲ್ಲ. ತುದಿ ಮೊಂಡಾಗಿರೋದ್ರಿಂದ ಒರಟು ಅನ್ಸುತ್ತೆ, ಅಷ್ಟೇ.

ಚಿಮಟದಲ್ಲಿ ಕೀಳೋದು, ವ್ಯಾಕ್ಸ್ ಹಾಕೋದು ಬೇಡ. ಕಿತ್ತ ಜಾಗದಲ್ಲಿ ಕೀವುಗುಳ್ಳೆ ಏಳಬಹುದು. ಕಿವಿಯೊಳಗೆ ಗುಳ್ಳೆ ಎದ್ದರೆ ಅಗಿಯೋಕೂ ಆಗದಷ್ಟು ನೋವು. ಹೇರ್ ರಿಮೂವಲ್ ಕ್ರೀಮ್ ಒಳಗೆ ಜಾರಿದರೆ ಚರ್ಮ ಸುಡುತ್ತೆ. ಟರ್ಕಿಯ ಕ್ಷೌರದಂಗಡಿಗಳಲ್ಲಿ ಸ್ಪಿರಿಟ್ ಹತ್ತಿಗೆ ಬೆಂಕಿ ಹಚ್ಚಿ ಕಿವಿ ಕೂದಲು ಸುಡೋ ಪದ್ಧತಿ ಇದೆ. ಅದು ಪಳಗಿದ ಕೈಯ ಕೆಲಸ, ವಿಡಿಯೋ ನೋಡಿ ಮನೇಲಿ ಮಾಡೋದಲ್ಲ. ಕಟಿಂಗ್ ಶಾಪಲ್ಲಿ ರೇಜರ್ ಹಾಕಿಸ್ಕೊಳ್ಳೋದಾದ್ರೆ ಹೊಸ ಬ್ಲೇಡ್ ಕೇಳೋಕೆ ಸಂಕೋಚ ಬೇಡ. ಹೆಪಟೈಟಿಸ್ ಬಿ ರಕ್ತದಿಂದ ಹರಡುತ್ತೆ. ಲೇಸರ್? ಅದು ಕೂದಲಿನ ಕಪ್ಪು ಬಣ್ಣ ಹಿಡಿದು ಕೆಲಸ ಮಾಡುತ್ತೆ, ಬಿಳಿ ಕೂದಲಿಗೆ ನಾಟಲ್ಲ. ದುಡ್ಡು ಕೊಡೋ ಮುಂಚೆ ಇದನ್ನ ಕೇಳಿ.

ಶುಗರ್ ಇರೋರು ಈ ಭಾಗ ಗಮನ ಇಟ್ಟು ಕೇಳಿ. ಬಡ್ಸ್, ಬೆಂಕಿಕಡ್ಡಿ, ಹೇರ್‌ಪಿನ್ನು ಯಾವುದರಿಂದಲೋ ಕಿವಿಯೊಳಗೆ ಸಣ್ಣ ಗೀರು ಬಿತ್ತು ಅಂತಿಟ್ಕೊಳ್ಳಿ. ವಯಸ್ಸಾದ ಮಧುಮೇಹಿಗಳಲ್ಲಿ ಸ್ಯೂಡೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಅಲ್ಲಿಂದ ಸುತ್ತಲಿನ ಮೂಳೆಗೇ ಇಳಿಯಬಹುದು. ಡಾಕ್ಟರು ಇದನ್ನ ಮ್ಯಾಲಿಗ್ನೆಂಟ್ ಓಟೈಟಿಸ್ ಎಕ್ಸ್‌ಟರ್ನಾ ಅಂತಾರೆ. ಹೆಸರು ಹಾಗಿದ್ರೂ ಕ್ಯಾನ್ಸರ್ ಅಲ್ಲ. ಆದರೆ ಪ್ರಾಣಕ್ಕೆ ಬರಬಹುದಾದ ಸೋಂಕು, ವಾರಗಟ್ಟಲೆ ಆಂಟಿಬಯಾಟಿಕ್ ಬೇಕಾಗುತ್ತೆ. ರಾತ್ರಿ ನಿದ್ದೆ ಕೆಡಿಸೋ ಕಿವಿನೋವು, ಕಿವಿ ಸೋರೋದು, ಮುಖ ಒಂದು ಕಡೆ ಸೊಟ್ಟ ಆಗೋದು ಕಂಡರೆ ಬೆಳ್ಳುಳ್ಳಿ ಎಣ್ಣೆ ಬಿಟ್ಕೊಂಡು ಕೂರಬೇಡಿ. ಅವತ್ತೇ ಇಎನ್‌ಟಿ ಡಾಕ್ಟರ ಹತ್ರ ಹೋಗಿ.

ಇನ್ನೊಂದು. ಟಿವಿ ಸೌಂಡು ದಿನದಿಂದ ದಿನಕ್ಕೆ ಜಾಸ್ತಿಯಾಗ್ತಿದ್ರೆ ಕೂದಲನ್ನ ದೂರಬೇಡಿ. ಕೂದಲಿಂದ ಕಿವಿ ಮಂದ ಆಗೋದು ತೀರಾ ಕಡಿಮೆ. ಗಟ್ಟಿಯಾದ ಗುಗ್ಗೆ ಇರಬಹುದು, ಅಥವಾ ವಯಸ್ಸಿನಿಂದ ಒಳಗಿವಿ ಸೋತಿರಬಹುದು. ಗುಗ್ಗೆ ಡಾಕ್ಟರು ತೆಗೀತಾರೆ, ಒಳಗಿವಿಗೆ ಹಿಯರಿಂಗ್ ಏಡ್ ಇದೆ. ಏಡ್ ಹಾಕೋರಿಗೆ ಕಿವಿ ಬಾಗಿಲಲ್ಲಿ ಕೂದಲು ದಟ್ಟವಾಗಿದ್ರೆ ಅದು ಸರಿಯಾಗಿ ಕೂರದೆ ಕುಯ್ಯೋ ಅನ್ನಬಹುದು. ಆಗಲೂ ಒಳಗೆ ಕತ್ತರಿ ಹಾಕೋ ಮುಂಚೆ ಡಾಕ್ಟರಿಗೆ ತೋರಿಸಿ.

ಕೊನೆಗೆ ಮನೆಯವರಿಗೆ ಒಂದು ಮಾತು. ಪೊರೆ ಬಂದ ಕಣ್ಣು, ನಡುಗೋ ಕೈ ಇರೋ ಹಿರಿಯರಿಗೆ ತಮ್ಮ ಕಿವಿ ತಮಗೆ ಕಾಣಲ್ಲ. ನಮ್ಮಪ್ಪನಿಗೆ ಈಗ ನಾನೇ ತಿಂಗಳಿಗೊಮ್ಮೆ ಟ್ರಿಮ್ಮರ್ ಹಿಡೀತೀನಿ, ಉಗುರು ತೆಗೆಯೋ ದಿನವೇ. ಮೊದಲು ‘ಅಪ್ಪಾ, ಕಿವಿ ಹತ್ರ ಸ್ವಲ್ಪ ಸರಿ ಮಾಡ್ಲಾ?’ ಅಂತ ಕೇಳ್ತೀನಿ. ಬೇಡ ಅಂದ್ರೆ ಬಿಡ್ತೀನಿ. ಕಿವಿಯಲ್ಲಿ ಕೂದಲಿದ್ರೆ ಆಯುಷ್ಯ ಗಟ್ಟಿ ಅಂತ ನಂಬಿ ಬಿಟ್ಕೊಂಡಿರೋ ಅಜ್ಜಂದಿರೂ ಇದ್ದಾರೆ. ಅವರಿಗೆ ಅದು ಇಷ್ಟ ಇದ್ರೆ ಕತ್ತರಿಸಲೇಬೇಕು ಅನ್ನೋಕೆ ಯಾವ ವೈದ್ಯಕೀಯ ಕಾರಣವೂ ಇಲ್ಲ. ನಾಲ್ಕು ಜನರ ಮುಂದೆ ತಮಾಷೆ ಮಾಡೋದಂತೂ ಬೇಡ.

ಮನೆಯ ಹಿರಿಯರಿಗೂ ಈ ಸಂಚಿಕೆ ಕೇಳಿಸಿ, ಸೌಂಡು ಸ್ವಲ್ಪ ಜಾಸ್ತಿ ಇಟ್ಟು.